ಏಳನೇ ಡಬ್ಬಿ

ಆರನೇ ಡಬ್ಬಿಯೂ ಕೈಕೊಟ್ಟಿತು.

ಬ್ಯೂರೆಟ್ಟಿನ ಗಾಜಿನ ಕೊಳವೆಯಿಂದ ಬಿಟ್ಟ ಮೊದಲ ನೀಲಿ ಹನಿ ಫ್ಲಾಸ್ಕಿಗೆ ಬಿದ್ದು ಮಾಯವಾಯಿತು. ಎರಡನೆಯದೂ ಹೋಯಿತು. ಮೂರನೆಯದು ಹೋಗಲಿಲ್ಲ, ತಿಳಿ ಗುಲಾಬಿಯಾಗಿ ನಿಂತುಕೊಂಡಿತು. ಮನಸ್ಸಿನಲ್ಲೇ ಹದಿನೈದರ ತನಕ ಎಣಿಸಿದೆ. ಗುಲಾಬಿ ಕದಲಲಿಲ್ಲ.

"ಏನಂತೆ ಅದು?" ಪಕ್ಕದಲ್ಲಿ ಕೂತಿದ್ದ ವಿಶಾಲು ಕೇಳಿದಳು.

"ಇದ್ರಲ್ಲೂ ಇಲ್ಲ ಕಣೇ."

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿ, ಬಿಚ್ಚಿ, ಮತ್ತೆ ಸುತ್ತಿದಳು. ಆ ಬೆರಳ ತುದಿಗಳೆಲ್ಲ ಕಪ್ಪಗಾಗಿ ಸೀಳು ಬಿಟ್ಟಿದ್ದವು. ಎರಡು ವರ್ಷ ನೆಲ್ಲಿಕಾಯಿಯ ಹುಳಿಯಲ್ಲಿ ಅದ್ದಿದ ಕೈ ಅದು.

ವಿಷಯ ಇಷ್ಟೆ: ವನಗೂರಿನ ವಿಶಾಲಮ್ಮ ಹತ್ತು ಜನ ಹೆಂಗಸರನ್ನು ಕಟ್ಟಿಕೊಂಡು ಮಾಡುವ ಕಾಡುನೆಲ್ಲಿ ಪುಡಿಯಲ್ಲಿ ಡಬ್ಬಿಯ ಮೇಲೆ ಬರೆದಷ್ಟು ವಿಟಮಿನ್ ಸಿ ಇಲ್ಲವೆಂದು ಕೊಳ್ಳುವ ಕಂಪನಿ ಗುರುವಾರ ಕಾಗದ ಕಳಿಸಿತ್ತು, ಸೋಮವಾರ ಆಹಾರ ಸುರಕ್ಷತಾ ಅಧಿಕಾರಿ ಬಂದು ನೋಡುವವರಿದ್ದರು. ಕಲಬೆರಕೆ ಎಂದಾದರೆ ಲೈಸೆನ್ಸ್ ಹೋಗುತ್ತದೆ, ಕೇಸೂ ಬೀಳುತ್ತದೆ. ವಿಶಾಲುವಿನ ಚಿಂತೆ ಅದಲ್ಲ. ಡಬ್ಬಿಯ ಮೇಲೆ ಅವಳ ಫೋಟೋ ಇದೆ.

"ಬಸುರಿ ಹೆಂಗಸ್ರು ನನ್ ಮೊಕ ನೋಡಿ ತಗೊಂಡವ್ರೆ ನಾಗು," ಎಂದಳು. "ಮೋಸಗಾತಿ ಅನ್ನಿಸ್ಕಂಡು ನಾನು ಈ ಊರ್ನಾಗೆ ಹೆಂಗೆ ಓಡಾಡ್ಲಿ?"

ನಾನು ಫ್ಲಾಸ್ಕ್ ತೊಳೆದೆ. ಹಾಸನದ ಕಾಲೇಜೊಂದರ ಕೆಮಿಸ್ಟ್ರಿ ಲ್ಯಾಬಿನಲ್ಲಿ ಮೂವತ್ತೆರಡು ವರ್ಷ ಮಕ್ಕಳ ಕೈಗೆ ಬ್ಯೂರೆಟ್ ಕೊಟ್ಟು ನಿವೃತ್ತಳಾದವಳು ನಾನು. ಹನಿ ಎಣಿಸಿ ಅಭ್ಯಾಸ, ಸಮಾಧಾನ ಹೇಳಿ ಅಲ್ಲ. ಸಕಲೇಶಪುರದ ಹೈಸ್ಕೂಲಿನಲ್ಲಿ ಒಂದೇ ಬೆಂಚಿನಲ್ಲಿ ಕೂತವರು ನಾವಿಬ್ಬರು. ನಾನು ಯಾಕೆ ಮದುವೆಯಾಗಲಿಲ್ಲ ಎಂದು ಇವತ್ತಿನವರೆಗೂ ಕೇಳದೆ ಇದ್ದವಳು ಪ್ರಪಂಚದಲ್ಲಿ ಇವಳೊಬ್ಬಳೆ. ಹಾಗಾಗಿ ನಿನ್ನೆ ಇವಳ ಫೋನ್ ಬಂದ ಕೂಡಲೆ ಪೆಟ್ಟಿಗೆ ಕಟ್ಟಿಕೊಂಡು ಜೀಪು ಹತ್ತಿದ್ದೆ.

ವಿಶಾಲುವಿನ ಸೊಸೆ ಪೂಜಿತಾ ಕಾಫಿ ತಂದಳು. ಹಿಂದೆಯೇ ದೇವೇಂದ್ರ ಬಂದ. ವಿಶಾಲುವಿನ ತೀರಿಹೋದ ಅಕ್ಕನ ಮಗ. ಐದು ವರ್ಷದವನಿದ್ದಾಗಿನಿಂದ ಇದೇ ಮನೆಯಲ್ಲಿ ಬೆಳೆದವನು. ಕಾಡಿನಿಂದ ಕಾಯಿ ತರಿಸುವುದು, ಡಬ್ಬಿ ಕಳಿಸುವುದು, ಕಂಪನಿಯವರ ಜೊತೆ ಮಾತಾಡುವುದು ಎಲ್ಲ ಇವನ ಪಾಲು. ಎಡಗೈ ಚಾಚಿ ಲೋಟ ತೆಗೆದುಕೊಂಡ.

ಅದನ್ನು ನೋಡಿ ನನಗೆ ನಗು ಬಂತು. ಒಂದನೇ ಕ್ಲಾಸಿನಲ್ಲಿ ಎಡಗೈಲಿ ಬರೆದನೆಂದು ಮೇಷ್ಟ್ರು ಇವನ ಗೆಣ್ಣಿಗೆ ಹೊಡೆದಿದ್ದರು. ಆವತ್ತು ಮಧ್ಯಾಹ್ನ ವಿಶಾಲು ಸೌದೆ ಒಡೆಯುತ್ತಿದ್ದವಳು ಹಾಗೇ ಶಾಲೆಗೆ ಹೋಗಿ, "ನನ್ ಮಗ ಕಾಲಲ್ಲಿ ಬರದ್ರೂ ನೀವು ಕೇಳ್ಕೂಡ್ದು," ಎಂದು ಬಂದಿದ್ದಳು. ಕೈಯಲ್ಲಿ ಕೊಡಲಿ ಇತ್ತು ಎಂದು ಊರವರು ಸೇರಿಸಿ ಹೇಳುತ್ತಾರೆ. ವಿಶಾಲು ಅದನ್ನು ಇಲ್ಲವೆಂದು ಯಾವತ್ತೂ ಹೇಳಿಲ್ಲ.

"ಎಷ್ಟು ಪಾಸಾದ್ವು ಮೇಡಂ?" ದೇವೇಂದ್ರ ಕೇಳಿದ.

"ಆರೂ ಫೇಲು."

"ಏಳನೇದು ನೋಡಿ. ಅದ್ರಲ್ಲಿ ಇರ್ಬೌದು."

ಲೋಟ ಖಾಲಿ ಮಾಡಿ ಅಂಗಳಕ್ಕೆ ಇಳಿದು ಹೋದ. ಒಳ್ಳೆಯ ಮಾತು ಹೇಳಿದ ಎಂದುಕೊಂಡೆ ಆಗ.

ಪ್ರತಿ ಸಲ ಪುಡಿ ಮಾಡಿ ಮುಗಿಸಿದಾಗ ಆ ಕಂತಿನ ಒಂದು ಡಬ್ಬಿಯನ್ನು ಮುಚ್ಚಿ ಬೀರುವಿನಲ್ಲಿ ಎತ್ತಿಡಬೇಕು, ನಾಳೆ ತಕರಾರು ಬಂದರೆ ಸಾಕ್ಷಿ ಅದೇ. ಇದು ನಾನೇ ಹಾಕಿಕೊಟ್ಟ ನಿಯಮ. ಈ ವರ್ಷ ಏಳು ಕಂತು, ಏಳು ಡಬ್ಬಿ. ಕೊನೆಯದನ್ನು ತೆಗೆದು ಪುಡಿಯನ್ನು ನೀರಿಗೆ ಹಾಕಿ, ಸೋಸಿ, ಫ್ಲಾಸ್ಕಿಗೆ ಅಳೆದೆ.

ಸಿ ಇರುವತನಕ ಅದು ನೀಲಿಯನ್ನು ನುಂಗುತ್ತಾ ಹೋಗುತ್ತದೆ. ನುಂಗುವವರಿಲ್ಲದಾಗ ಗುಲಾಬಿ ಉಳಿಯುತ್ತದೆ. ಒಳ್ಳೆಯ ನೆಲ್ಲಿಪುಡಿಯಾದರೆ ಈ ಅಳತೆಗೆ ಮೂವತ್ತೈದು ನಲವತ್ತು ಹನಿ ಹಿಡಿಯುತ್ತದೆ. ನಾನು ಎಣಿಸುತ್ತಾ ಹೋದೆ. ನಲವತ್ತು ದಾಟಿತು. ಎಪ್ಪತ್ತು ದಾಟಿತು. ನೂರಾ ಹತ್ತನೇ ಹನಿಗೆ ಗುಲಾಬಿ ನಿಂತಿತು.

"ಇದ್ರಲ್ಲಿ ಐತೆ ಅಲ್ವಾ ಆಂಟಿ?" ಪೂಜಿತಾಳ ಮುಖ ಅರಳಿತು.

ನನಗೆ ಖುಷಿಯಾಗಲಿಲ್ಲ. ನೆಲ್ಲಿಕಾಯಿ ಎಷ್ಟೇ ಧಾರಾಳಿಯಾದರೂ ಮೂರು ದಿನ ಒಣಗಿದ ಮೇಲೆ ಇಷ್ಟು ಉಳಿಸಿಕೊಂಡಿರುವುದಿಲ್ಲ. ಇದು ದೇವರು ಕೊಟ್ಟ ಸಿ ಅಲ್ಲ.

ಹಾಗಾದರೆ ಪುಡಿಯೇ ಬೇರೆಯೋ ಎಂದು ನೋಡಬೇಕಿತ್ತು. ಪೂಜಿತಾಳಿಂದ ಏಳು ಬಸಿ ತರಿಸಿ, ಏಳರಲ್ಲೂ ಒಂದೊಂದು ಚಿಟಿಕೆ ಪುಡಿ ಕಲಸಿ, ಕಬ್ಬಿಣದ ಉಪ್ಪಾದ ಅನ್ನಭೇದಿಯ ನೀರು ಒಂದೊಂದು ತೊಟ್ಟು ಬಿಟ್ಟೆ. ಹಿಂದಿನವರು ಅಳಲೆಕಾಯಿಗೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡುತ್ತಿದ್ದರಲ್ಲ, ಅದೇ ವಿದ್ಯೆ. ಕಾಯಿಯ ಒಗರು ಇದ್ದರೆ ಕಪ್ಪಾಗುತ್ತದೆ. ಮೈಯನ್ನು ಕಾಯುವ ಗುಣದಲ್ಲಿ ಅರ್ಧ ಆ ಒಗರಿನದೇ. ಹಿಟ್ಟು ಬೆರೆಸಿದ್ದರೆ ಬಣ್ಣ ಪೇಲವವಾಗುತ್ತಿತ್ತು.

ಏಳು ಬಸಿಗಳೂ ಒಂದೇ ಸಮ ಕಪ್ಪಾದವು.

"ಕಾಯಿ ನಿಜ," ಎಂದೆ. "ಏಳರಲ್ಲೂ ನೆಲ್ಲಿಕಾಯಿನೇ ಇದೆ, ಪೂರ್ತಿ ಇದೆ. ಆರರಲ್ಲಿ ಸಿಯನ್ನ ಯಾರೋ ಕೊಂದಿದ್ದಾರೆ. ಏಳನೇದ್ರಲ್ಲಿ ಸತ್ತಿದ್ದಕ್ಕೆ ಯಾರೋ ಮತ್ತೆ ಜೀವ ತುಂಬಿದ್ದಾರೆ."

ವಿಶಾಲು ನನ್ನ ಮುಖ ನೋಡಲಿಲ್ಲ.

ಖಾಲಿ ಡಬ್ಬಿಗಳನ್ನು ಸಾಲಾಗಿಟ್ಟು ನೋಡಿದೆ. ಮುಚ್ಚಳದ ಸುತ್ತ ಅಗಲ ಟೇಪು. ಆರರಲ್ಲಿ ಟೇಪಿನ ಕೊನೆ ಬಲಕ್ಕೆ ಬಂದು ಮುಗಿದಿತ್ತು. ಏಳನೆಯದರಲ್ಲಿ ಎಡಕ್ಕೆ.

"ಇದನ್ನ ಸುತ್ತಿದ್ದು ನೀನಲ್ವಾ ಪೂಜಿತಾ?"

"ಅಲ್ಲ ಆಂಟಿ. ಜನವರಿ ಕೊನೇ ವಾರ ನಾನು ಆಲೂರಿಗೆ ಹೋಗಿದ್ದೆ, ತಂಗಿ ಬಾಣಂತನಕ್ಕೆ. ಆ ಕಂತು ಅತ್ತೆನೇ ಪ್ಯಾಕ್ ಮಾಡಿದ್ದಂತೆ."

"ಹೂಂ, ನಾನೇ," ವಿಶಾಲು ಎಂದಳು. ಕೇಳುವ ಮೊದಲೇ ಎಂದಳು.

ಅದು ಎಡಗೈಯ ಸುತ್ತು ಎಂಬುದು ಅಂಗೈಯ ಮೇಲಿನ ನೆಲ್ಲಿಕಾಯಿಯಷ್ಟು ಸ್ಪಷ್ಟವಾಗಿತ್ತು. ಆದರೂ ಗೊತ್ತಾದದ್ದನ್ನು ಗೊತ್ತಾಗದ ಹಾಗೆ ಒಂದು ಕಡೆ ಎತ್ತಿಟ್ಟು, ಮೊದಲು ಆರು ಡಬ್ಬಿಯ ಕೊಲೆಗಾರನನ್ನು ಹುಡುಕೋಣ ಎಂದು ಎದ್ದೆ.

ನನ್ನನ್ನು ಕರೆತಂದ ಜೀಪಿನ ಗುಂಡಯ್ಯ ಬಾನೆಟ್ಟಿಗೆ ಒರಗಿ ಎಲೆ ಅಡಿಕೆ ಹಾಕುತ್ತಿದ್ದ. ಬಿಸಿಲೆಯ ಕಡೆಯ ಇಳಿಜಾರುಗಳಲ್ಲಿ ಮೂವತ್ತು ವರ್ಷ ಜೀಪು ಓಡಿಸಿದವನು. ರಾತ್ರಿ ಅವನಿಗೆ ಪುಡಿ ಮಾಡುವ ಸ್ಟೋರಿನ ಪಕ್ಕದ ಕೋಣೆಯಲ್ಲಿ ಹಾಸಿಕೊಟ್ಟಿದ್ದರು.

"ನಿದ್ದೆ ಬಂತೇನಯ್ಯ?"

"ಎಲ್ಲಿ ಬತ್ತದೆ ಅಕ್ಕ. ಬೆಳಿಗ್ಗೆ ಐದಕ್ಕೇ ಪಲ್ಪರ್ ತಿರುಗ್ಸಕ್ಕೆ ಶುರು ಮಾಡ್ಬುಟ್ರು. ಗರಗರ ಅಂತ ಒಂದು ಗಂಟೆ."

"ಪಲ್ಪರ್? ಕಾಫಿ ಹಣ್ಣು ಸುಲಿಯೋಕೆ ಈಗೆಂಥ ಪಲ್ಪರ್?"

"ಅದೇ ನಾನೂ ಅಂದ್ಕಂಡೆ ಮಾರಾಯ್ತಿ. ಅರೇಬಿಕಾ ಮುಗ್ದು ತಿಂಗ್ಳ ಮ್ಯಾಲಾಯ್ತು. ರೊಬಸ್ಟಾನ ಈ ಮನೆಯೋರು ಹಣ್ಣು ಹಣ್ಣೇ ಒಣಗ್ಸದು. ಅಲ್ಲದೆ ಇವ್ರದು ಮೋಟ್ರು ಪಲ್ಪರ್ ಅಲ್ವಾ. ನಾ ಕೇಳಿದ್ದು ಕೈಯಾಗೆ ತಿರುಗ್ಸೋ ಸದ್ದು."

ಪತ್ತೇದಾರಿಕೆ ಎಂದರೆ ಇಷ್ಟೇ. ನಾವು ನಿದ್ದೆ ಮಾಡುವಾಗ ಯಾರಿಗೆ ನಿದ್ದೆ ಬಂದಿಲ್ಲ ಎಂದು ವಿಚಾರಿಸುವುದು.

ಒಳಗೆ ಹೋಗಿ ಪೂಜಿತಾಳನ್ನು ಪಕ್ಕಕ್ಕೆ ಕರೆದೆ. ಕಾಯಿಯನ್ನು ಸಂಜೆ ಹಬೆಯಲ್ಲಿ ಬೇಯಿಸಿ ಬುಟ್ಟಿಗೆ ಹಾಕಿ ಮುಚ್ಚುತ್ತಾರೆ, ಬೆಳಿಗ್ಗೆ ಬೀಜ ಬಿಡಿಸಿ ಒಣಹಾಕುತ್ತಾರೆ ಎಂದು ನನಗೆ ಗೊತ್ತಿತ್ತು. "ಬೀಜ ಬಿಡಿಸೋದು ಯಾರು?"

ಪೂಜಿತಾ ದನಿ ತಗ್ಗಿಸಿದಳು. "ಹೋದ ವರ್ಷ ಎಲ್ರೂ ಸೇರಿ ಬಿಡಿಸ್ತಿದ್ವಿ ಆಂಟಿ. ಈ ವರ್ಷ ನಾವು ಬರೋದ್ರೊಳಗೆ ಬಿಡಿಸಿ ಆಗಿರುತ್ತೆ. ಪಾಪ ಅತ್ತೆ, ಬೆಳಗಿನ ಜಾವಕ್ಕೇ ಎದ್ದು ಮಾಡ್ತಾರೆ. ಕೇಳಿದ್ರೆ ಬೇಜಾರು ಮಾಡ್ಕತಾರೆ ಅಂತ ನಾನು ಸುಮ್ನಿದೀನಿ."

ಅಡುಗೆಮನೆಗೆ ಹೋಗಿ ವಿಶಾಲುವಿಗೂ ಅದೇ ಪ್ರಶ್ನೆ ಹಾಕಿದೆ.

"ಪೂಜಿತಾ ಕಣೇ," ಎಂದಳು ಅವಳು, ಅಷ್ಟೇ ಮೆಲ್ಲಗೆ. "ನನ್ ಕೈ ನೋಡಿ ಆ ಹುಡುಗಿ ಮೊದ್ಲೇ ಎದ್ದು ಮಾಡ್ಬುಡ್ತಾಳೆ. ಬಾಯ್ಬಿಟ್ಟು ಹೊಗಳಿದ್ರೆ ದೃಷ್ಟಿ ಆಯ್ತದೆ ಅಂತ ನಾನು ಏನೂ ಅಂದಿಲ್ಲ."

ಅತ್ತೆಗೆ ಸೊಸೆಯ ಮೇಲೆ ಪ್ರೀತಿ, ಸೊಸೆಗೆ ಅತ್ತೆಯ ಮೇಲೆ ಪ್ರೀತಿ. ಮೂರು ತಿಂಗಳು ಇಬ್ಬರೂ ಒಬ್ಬರಿಗೊಬ್ಬರು ಹೇಳದೆ ಸುಮ್ಮನಿದ್ದಾರೆ. ಜಗಳ ಆಡುವ ಮನೆಯಾಗಿದ್ದರೆ ಎರಡನೇ ದಿನಕ್ಕೇ ಸತ್ಯ ಹೊರಗೆ ಬರುತ್ತಿತ್ತು.

ಸ್ಟೋರಿನ ಹಿಂದಿನ ಶೆಡ್ಡಿನಲ್ಲಿ ಹಳೆಯ ಪಲ್ಪರ್ ಇತ್ತು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಕೈಯಂತ್ರ, ಮೋಟಾರಿನದು ಬಂದ ಮೇಲೆ ಮೂಲೆ ಸೇರಿದ್ದು. ಮೇಲೆ ಗೋಣಿತಾಟು ಹೊದಿಸಿದ್ದರು. ಎತ್ತಿದೆ. ಉರುಳೆಗೆ ಸುತ್ತಿದ ತಾಮ್ರದ ತಗಡು, ಅದರ ತುಂಬ ಹಣ್ಣನ್ನು ಉಜ್ಜುವ ಸಣ್ಣ ಸಣ್ಣ ಗುಬುಟು. ಹತ್ತು ವರ್ಷ ಕೆಲಸವಿಲ್ಲದೆ ಕೂತ ತಾಮ್ರ ಕಿಲುಬು ಹಿಡಿದು ಹಸಿರಾಗಿರಬೇಕು.

ಇದು ಹುಣಸೆಹಣ್ಣಿನಲ್ಲಿ ತಿಕ್ಕಿದ ದೇವರ ತಂಬಿಗೆಯ ಹಾಗೆ ಹೊಳೆಯುತ್ತಿತ್ತು.

ಹುಳಿ ಬಿದ್ದ ತಾಮ್ರ ಬೆಳಗುತ್ತದೆ, ತಾಮ್ರ ತಾಗಿದ ಸಿ ಸಾಯುತ್ತದೆ. ಎರಡನೆಯದು ನನ್ನ ಪುಸ್ತಕದಲ್ಲಿದೆ. ಹುಳಿಯನ್ನು ಬರಿ ತಾಮ್ರಕ್ಕೆ ಹಾಕಬಾರದು ಎಂದು ಈ ಸೀಮೆಯ ಯಾವ ಹೆಂಗಸಾದರೂ ಹೇಳುತ್ತಾಳೆ. ಹಾಗಾದರೆ ಇದು ಹೆಂಗಸಿನ ಕೆಲಸವೇ ಅಲ್ಲ.

ಪೂಜಿತಾಳಿಗೆ ಬುಟ್ಟಿಯಲ್ಲಿ ಮಿಕ್ಕಿದ್ದ ಬೆಂದ ಕಾಯಿಯಲ್ಲಿ ಒಂದು ಬಟ್ಟಲನ್ನು ಸ್ಟೀಲ್ ಚಾಕುವಿನಲ್ಲಿ ಬಿಡಿಸಿ ಇಡಲು ಹೇಳಿ, ಇನ್ನೊಂದು ಬಟ್ಟಲು ಬೆಂದ ಕಾಯನ್ನು ತಂದು ಪಲ್ಪರಿಗೆ ಸುರಿದೆ. ಹಿಡಿ ತಿರುಗಿಸಿದೆ. ಅರ್ಧ ಸುತ್ತಿಗೆ ಕಚ್ಚಿಕೊಂಡಿತು. ಜೋರಾಗಿ ತಿರುಗಿಸಿದೆ. ಇನ್ನೂ ಕಚ್ಚಿಕೊಂಡಿತು. ಮೈಯೆಲ್ಲ ಭಾರ ಹಾಕಿ ಎಳೆದೆ.

"ಹಂಗಲ್ಲ ಅದು."

ಬಾಗಿಲಲ್ಲಿ ತಿಮ್ಮಯ್ಯ ನಿಂತಿದ್ದರು. ವಿಶಾಲುವಿನ ಗಂಡ. ಅರವತ್ತೆಂಟರ ನೆಟ್ಟಗಿನ ಆಳು, ಮಾತು ಕಮ್ಮಿ. ಎರಡು ವರ್ಷದ ಹಿಂದೆ ವಿಶಾಲು ಈ ಕೆಲಸ ಶುರು ಮಾಡಿದಾಗ, "ನಮ್ಮನೆ ಹೆಂಗಸ್ರು ಕಾಯಿಪುಡಿ ಮಾರೋ ಗತಿ ಬಂದಿಲ್ಲ," ಎಂದು ಹತ್ತು ಜನರ ಎದುರು ಹೇಳಿದವರು. ಆಮೇಲೆ ಈ ಸ್ಟೋರಿನ ಕಡೆ ತಲೆ ಹಾಕಿ ಮಲಗಿದವರೂ ಅಲ್ಲ ಎಂದು ನಮ್ಮ ನಂಬಿಕೆ.

"ಮೊದ್ಲು ಒಂದು ಸುತ್ತು ಹಿಂದಕ್ಕೆ ತಿರುಗ್ಸಿ. ಆಮೇಲೆ ಸ್ವಲ್ಪ ಸ್ವಲ್ಪನೇ ಹಾಕ್ಬೇಕು. ಇಲ್ದಿದ್ರೆ ಬೀಜ ಕಚ್ಕಂಬುಡ್ತದೆ."

ಹಿಂದಕ್ಕೆ ತಿರುಗಿಸಿದೆ. ಸಲೀಸಾಯಿತು.

"ಕಾಫಿ ಹಣ್ಣು ಹೀಗೆ ಕಚ್ಚಿಕೊಳ್ಳಲ್ಲ ತಿಮ್ಮಯ್ಯನವರೇ," ಎಂದೆ. "ನೆಲ್ಲಿಕಾಯಿ ಕಚ್ಚಿಕೊಳ್ಳುತ್ತೆ ಅಂತ ನಿಮಗೆ ಹೇಗೆ ಗೊತ್ತು?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವರು ಕೈಯನ್ನು ಪಂಚೆಯ ಮರೆಗೆ ಸರಿಸಿದರು. ಅಷ್ಟರಲ್ಲಿ ನಾನು ಅಂಗೈಯ ಬೊಬ್ಬೆಗಳನ್ನು ನೋಡಿಯಾಗಿತ್ತು.

ನಾನು ಒತ್ತಾಯ ಮಾಡಲಿಲ್ಲ. ಉಳಿದ ಕಾಯನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ತಿರುಗಿಸಿದೆ.

"ದೀಪಾವಳಿ ಕಳದ ಮ್ಯಾಲೆ," ಎಂದರು ಕೊನೆಗೆ, "ಒಂದಿನ ಊಟಕ್ಕೆ ಕೂತಿದ್ವಿ. ಅವಳು ಅನ್ನ ಕಲಸಕ್ಕೆ ಹೋದ್ಲು. ಸಾರು ಬೆರಳಿಗೆ ಸೋಕಿ ಉರೀತು ಅಂತ ಕಾಣ್ತದೆ. ಎದ್ದು ಹೋಗಿ ಚಮಚ ತಗೊಂಡ್ ಬಂದ್ಲು."

ಒಳಗೆ ಬಂದು ಪಲ್ಪರಿನ ಪಕ್ಕ ನಿಂತರು.

"ನಲವತ್ತೊಂದು ವರ್ಷ ಆತು ಮದ್ವೆಯಾಗಿ. ಅವಳು ಚಮಚದಾಗೆ ಅನ್ನ ಉಂಡಿದ್ದು ನಾನು ನೋಡಿರ್ಲಿಲ್ಲ ನಾಗರತ್ನಮ್ಮೋರೆ."

ನನ್ನ ಕೈ ಹಿಡಿಯ ಮೇಲೆ ಹಾಗೇ ನಿಂತಿತು. ಸುಳ್ಳು ಯಾಕೆ ಹೇಳಲಿ, ನನ್ನ ಬೆರಳನ್ನು ಅಷ್ಟು ಹೊತ್ತು ನೋಡಿದವರು ಯಾರೂ ಇರಲಿಲ್ಲ.

"ಬಿಟ್ಬುಡು ಈ ಕೆಲಸ ಅನ್ನಕ್ಕೆ ಬಾಯಿ ಬರ್ಲಿಲ್ಲ. ನಾನೂ ಮಾಡ್ತೀನಿ ಅನ್ನಕ್ಕೂ ಬರ್ಲಿಲ್ಲ, ಮೊದ್ಲೇ ಹಂಗೆಲ್ಲ ಅಂದ್ಬುಟ್ಟಿದ್ನಲ್ಲ. ಅದಕ್ಕೆ ಈ ಪಲ್ಪರ್‌ನ ಸ್ವಲ್ಪ ಸಡ್ಲ ಮಾಡ್ಕಂಡು, ಯಾರೂ ಏಳೋಕ್ಕಿಂತ ಮುಂಚೆ ತಿರುಗ್ಸಿ ಇಡ್ತಿದ್ದೆ. ಒಳ್ಳೇದೇ ಆತಲ್ಲ ಅಂದ್ಕಂಡೆ." ಅವರು ಹೊಳೆಯುವ ಉರುಳೆಯನ್ನು ನೋಡಿದರು. "ಯಾಕೆ, ಇದ್ರಿಂದ ಏನಾರ ಆಗೈತಾ?"

ಹೇಳದೆ ದಾರಿಯಿರಲಿಲ್ಲ. ತಾಮ್ರ ಏನು ಮಾಡುತ್ತದೆಂದು ಎರಡೇ ಮಾತಿನಲ್ಲಿ ಹೇಳಿದೆ. ಅವರು ಪಲ್ಪರಿನ ಪಕ್ಕದ ಕಲ್ಲಿನ ಮೇಲೆ ಕೂತುಬಿಟ್ಟರು.

"ಹಂಗಾರೆ ಅವಳ ಮೊಕಕ್ಕೆ ಮಸಿ ಬಳಿದಿದ್ದು ನಾನೇ."

"ಮಸಿ ಅಲ್ಲ ತಿಮ್ಮಯ್ಯನವರೇ. ಕಾಯಿ ಮೋಸ ಮಾಡಿಲ್ಲ, ನೀವೂ ಮಾಡಿಲ್ಲ. ಗೊತ್ತಿಲ್ಲದೆ ಆಗಿದ್ದು ಅಂತ ಅಳೆದು ತೋರಿಸಿದರೆ ಕೇಸು ಆಗದ ಹಾಗೆ ನೋಡಿಕೊಳ್ಳಬಹುದು. ಆದರೆ ಅದನ್ನ ನೀವೇ ಅವಳ ಹತ್ತಿರ ಹೇಳಬೇಕು."

"ನಾನಾ?"

"ನಾನು ಹೇಳಿದರೆ ರಿಪೋರ್ಟ್ ಆಗುತ್ತೆ."

ಎರಡು ಬಟ್ಟಲನ್ನೂ ಸ್ಟೋರಿನ ಮೇಜಿನ ಮೇಲೆ ಮುಚ್ಚಿಟ್ಟೆ. ತಾಮ್ರ ತನ್ನ ಕೆಲಸ ಮಾಡಲು ನಾಲ್ಕು ಗಂಟೆ ಹೊತ್ತು ಕಾಯಬೇಕಿತ್ತು. ಆ ದಿನ ಆ ಮನೆಯಲ್ಲಿ ಯಾರೂ ಸರಿಯಾಗಿ ಊಟ ಮಾಡಲಿಲ್ಲ. ಗುಂಡಯ್ಯ ಮಾತ್ರ ಎರಡು ಸಲ ಅನ್ನ ಹಾಕಿಸಿಕೊಂಡ.

ಎರಡೂವರೆಗೆ ಎಲ್ಲರನ್ನೂ ಕರೆದೆ. ವಿಶಾಲು, ಪೂಜಿತಾ ಮೇಜಿನ ಆಚೆ ನಿಂತರು. ತಿಮ್ಮಯ್ಯ ಹೊಸ್ತಿಲು ದಾಟಿ ಒಳಗೆ ಬಂದಾಗ ವಿಶಾಲು ಹುಬ್ಬೇರಿಸಿದಳು. ಎರಡು ವರ್ಷದಲ್ಲಿ ಅವರು ಹಗಲಲ್ಲಿ ಒಳಗೆ ಬಂದದ್ದು ಅದೇ ಮೊದಲು.

ಚಾಕುವಿನಲ್ಲಿ ಬಿಡಿಸಿದ ಕಾಯಿಯ ರಸ ಅರವತ್ತೆರಡು ಹನಿ ನುಂಗಿತು. ಎರಡನೇ ಬಟ್ಟಲಿನದು ಹದಿನಾಲ್ಕಕ್ಕೇ ಗುಲಾಬಿಯಾಯಿತು. ನಾಲ್ಕು ಗಂಟೆಯೊಳಗೇ ಹೀಗಾದರೆ, ಮೂರು ದಿನ ಒಣಗುವಷ್ಟರಲ್ಲಿ ಏನೂ ಉಳಿಯುವುದಿಲ್ಲ.

"ಒಂದೇ ಬುಟ್ಟಿ ಕಾಯಿ ಅಲ್ವಾ ಎರಡೂ?" ಪೂಜಿತಾ ಕೇಳಿದಳು. "ಎರಡನೇದಕ್ಕೆ ಏನಾಯ್ತು?"

"ಎರಡನೇ ಬಟ್ಟಲು ನಂದು," ತಿಮ್ಮಯ್ಯ ಎಂದರು.

ನಿಂತಲ್ಲೇ ಹೇಳಿದರು. ಚಮಚದ ವಿಷಯ ಹೇಳಲಿಲ್ಲ, ಪಲ್ಪರಿನ ವಿಷಯ ಮಾತ್ರ. ಬೆಳಿಗ್ಗೆ ಐದಕ್ಕೆ ಏಳುತ್ತಿದ್ದೆ, ತಾಮ್ರಕ್ಕೆ ಹುಳಿ ಆಗಲ್ಲ ಅಂತ ಗೊತ್ತಿರಲಿಲ್ಲ, ತಪ್ಪಾಯಿತು. ಇಡೀ ಆಯುಷ್ಯದಲ್ಲಿ ಅವರು ಅಷ್ಟು ಉದ್ದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ.

"ನಾನು ಪೂಜಿತಾ ಅಂದ್ಕಂಡಿದ್ದೆ," ವಿಶಾಲು ಎಂದಳು.

"ನಾನು ನೀವು ಅಂದ್ಕಂಡಿದ್ದೆ ಅತ್ತೆ."

ವಿಶಾಲು ಮೇಜು ಸುತ್ತಿ ಬಂದು ಗಂಡನ ಕೈಯನ್ನು ತಿರುಗಿಸಿ ನೋಡಿದಳು. ಬೊಬ್ಬೆ ಒಡೆದು ಗಟ್ಟಿಯಾಗಿ, ಅದರ ಮೇಲೆ ಇನ್ನೊಂದು ಎದ್ದಿತ್ತು. ಇಬ್ಬರ ಕೈಯೂ ಒಂದೇ ತರ ಹಾಳಾಗಿತ್ತು. ಅವಳ ಕಣ್ಣಿಂದ ನೀರು ಇಳಿಯಿತು. ಒರೆಸಿಕೊಳ್ಳಲಿಲ್ಲ.

"ಎಣ್ಣೆನಾರ ಹಚ್ಕಬೇಕು ಅಂತ ಗೊತ್ತಾಗಲ್ವಾ ನಿಮ್ಗೆ? ಎಣ್ಣೆಗೇನು ಬರ ಬಂದಿತ್ತಾ ಈ ಮನೇಲಿ?"

"ವಾಸನೆ ಬಂದ್ರೆ ನಿಂಗೆ ಗೊತ್ತಾಗ್ಬುಡ್ತಿತ್ತು."

ಹಿರಿಯರ ಮಾತು ನೆಲ್ಲಿಕಾಯಿಯ ಹಾಗೆ, ಮೊದಲು ಒಗರು, ಆಮೇಲೆ ಸಿಹಿ ಎನ್ನುತ್ತಾರೆ. ತಿಮ್ಮಯ್ಯನವರ ವಿಷಯದಲ್ಲಿ ಸಿಹಿ ಬರಲು ಎರಡು ವರ್ಷ ಹಿಡಿಯಿತು, ಅಷ್ಟೆ. ಕತೆ ಇಲ್ಲಿಗೇ ಮುಗಿದಿದ್ದರೆ ನಾನು ಗುಂಡಯ್ಯನಿಗೆ ಜೀಪು ಹತ್ತು ಎಂದುಬಿಡುತ್ತಿದ್ದೆ.

"ಆರು ಡಬ್ಬಿಗೆ ನಾನು ಧೈರ್ಯವಾಗಿ ಬರೆದುಕೊಡ್ತೀನಿ," ಎಂದೆ. "ಕಾಯಿ ಶುದ್ಧ, ಹೀಗೀಗೆ ಆಗಿ ಸಿ ಹೋಯ್ತು ಅಂತ. ಡಬ್ಬಿಗಳನ್ನ ವಾಪಸ್ ತರಿಸಿ, ತಾಮ್ರ ಎಷ್ಟು ಸೇರಿದೆ ಅಂತಲೂ ನೋಡಿಸೋಣ. ಆದ್ರೆ ವಿಶಾಲು, ಏಳನೇದು?"

ಅವಳು ಗಂಡನ ಕೈ ಬಿಟ್ಟಳು.

"ಏಳನೇದೂ ಅದೇ ಪಲ್ಪರಿನದು. ಅದ್ರಲ್ಲೂ ಸಿ ಇರಬಾರದು. ಇದೆ ಅಂದ್ರೆ ಯಾರೋ ಅಂಗಡಿಯಿಂದ ವಿಟಮಿನ್ ಪುಡಿ ತಂದು ಬೆರೆಸಿದ್ದಾರೆ. ಆ ಕಂತಿನ ಇನ್ನೂರು ಡಬ್ಬಿ ಆಗಲೇ ಹೋಗಿದೆ. ಅದನ್ನ ಗೊತ್ತಿಲ್ಲದೆ ಆಯ್ತು ಅನ್ನೋಕಾಗಲ್ಲ. ಅದೇ ಕಲಬೆರಕೆ."

ವಿಶಾಲು ಮನೆಯ ಕಡೆ ಹೋದಳು. ಐದು ನಿಮಿಷದಲ್ಲಿ ವಾಪಸ್ ಬಂದು, ಸೊಂಟದಿಂದ ಕಾಗದದ ಪೊಟ್ಟಣ ತೆಗೆದು ಮೇಜಿನ ಮೇಲಿಟ್ಟಳು. ಬಿಳಿ ಪುಡಿ.

"ನಾನೇ ಹಾಕಿದ್ದು. ಮಿಕ್ಕಿದ್ದು ಇದು."

ಪೂಜಿತಾ ಬಾಯಿಗೆ ಕೈ ಇಟ್ಟುಕೊಂಡಳು. ತಿಮ್ಮಯ್ಯ ಹೆಂಡತಿಯನ್ನೇ ನೋಡುತ್ತಿದ್ದರು.

"ಎಲ್ಲಿಂದ ತಂದೆ?"

"ಸಕಲೇಶಪುರದಿಂದ."

"ಯಾವ ಅಂಗಡಿ?"

"ನೆಪ್ಪಿಲ್ಲ."

"ಯಾಕೆ ಹಾಕಿದೆ?"

"ಸಿ ಕಮ್ಮಿ ಐತಲ್ಲ, ಅದಕ್ಕೆ."

"ಕಮ್ಮಿ ಇದೆ ಅಂತ ಕಾಗದ ಬಂದಿದ್ದು ಮೊನ್ನೆ ಗುರುವಾರ. ಈ ಡಬ್ಬಿ ಮುಚ್ಚಿದ್ದು ಜನವರಿ ಇಪ್ಪತ್ತೆಂಟಕ್ಕೆ. ಹದಿನೈದು ದಿನ ಮೊದಲೇ ನಿನಗೆ ಹೇಗೆ ಗೊತ್ತಾಯ್ತು?"

ಅವಳು ಮೇಜಿನ ಮರದ ಗೆರೆಯನ್ನು ಉಗುರಿನಿಂದ ಕೆರೆಯುತ್ತಿದ್ದಳು. ಹೈಸ್ಕೂಲಿನಲ್ಲಿ ಮನೆಗೆಲಸ ಮಾಡದೆ ಬಂದ ದಿನವೂ ಹೀಗೇ ಬೆಂಚು ಕೆರೆಯುತ್ತಿದ್ದಳು.

ನಾನು ಪೊಟ್ಟಣದಿಂದ ಒಂದು ಚಿಟಿಕೆ ತೆಗೆದು ಫ್ಲಾಸ್ಕಿನ ನೀರಿಗೆ ಹಾಕಿದೆ. ಇದು ನಿಜವಾದ ವಿಟಮಿನ್ ಪುಡಿಯಾಗಿದ್ದರೆ ಬ್ಯೂರೆಟ್ ಖಾಲಿಯಾದರೂ ಬಣ್ಣ ನಿಲ್ಲುವುದಿಲ್ಲ. ನಲ್ಲಿ ತಿರುಗಿಸಿ ಒಂದು ಹನಿ ಬಿಟ್ಟೆ.

ಮೊದಲ ಹನಿಯೇ ಗುಲಾಬಿಯಾಗಿ ನಿಂತಿತು.

ಬೆರಳಿಗೆ ಅಂಟಿದ್ದನ್ನು ನಾಲಿಗೆಗೆ ಹಚ್ಚಿ ನೋಡಿದೆ. ಅಡುಗೆಮನೆಯ ಸಕ್ಕರೆ, ಈಗ ತಾನೇ ಕುಟ್ಟಿದ್ದು.

ಇಷ್ಟು ವರ್ಷದ ಸ್ನೇಹದಲ್ಲಿ ವಿಶಾಲು ನನ್ನ ಹತ್ತಿರ ಸುಳ್ಳು ಹೇಳಿದ ಮೊದಲ ದಿನ ಅದು. ನನಗೆ ಕೋಪ ಬರಬೇಕಿತ್ತು. ಬರಲಿಲ್ಲ, ಎದೆ ನೋಯಿತು. ಯಾರಿಗಾಗಿ ಎಂದು ಕೇಳುವ ಅಗತ್ಯವೂ ಇರಲಿಲ್ಲ; ಕಾಗದ ಬರುವ ಮೊದಲೇ ಕಂಪನಿಯಿಂದ ವಿಷಯ ತಿಳಿಯಬಹುದಾಗಿದ್ದವನು ಒಬ್ಬನೇ. ಕಿಟಕಿಯ ಆಚೆ ಅಂಗಳದಲ್ಲಿ ದೇವೇಂದ್ರ ಪಿಕಪ್ಪಿನ ಲೋಡಿಗೆ ಹಗ್ಗ ಸುತ್ತುತ್ತಿದ್ದ. ಎಡಗೈಲಿ ಎಳೆದು, ಎಡಕ್ಕೆ ತಂದು ಗಂಟು ಹಾಕುತ್ತಿದ್ದ. ಅವಳು ಅವನನ್ನು ನೋಡಲಿಲ್ಲ. ನೋಡಬಾರದೆಂದು ಎಷ್ಟು ಕಷ್ಟಪಡುತ್ತಿದ್ದಾಳೆಂದು ನನಗೆ ಕಾಣುತ್ತಿತ್ತು.

ಅವನ ಜೇಬಿನಲ್ಲಿ ಫೋನ್ ರಿಂಗಾಯಿತು. ಮಾತಾಡಿ, ಹಗ್ಗ ಬಿಟ್ಟು ಬಾಗಿಲಿಗೆ ಬಂದ.

"ಚಿಕ್ಕಮ್ಮ, ಆಫೀಸರ್ ಫೋನ್ ಮಾಡಿದ್ರು. ಸೋಮವಾರ ಅಲ್ವಂತೆ, ಇವತ್ತೇ ಬತ್ತಾವ್ರೆ. ಆನೇಮಹಲ್ ಹತ್ರ ಅವ್ರಂತೆ, ಒಂದು ಗಂಟೇಲಿ ಇಲ್ಲಿರ್ತಾರೆ."

ಮೇಜಿನ ಮೇಲಿನ ಪೊಟ್ಟಣ ನೋಡಿದ. ನನ್ನ ಕೈಯಲ್ಲಿದ್ದ ಫ್ಲಾಸ್ಕ್ ನೋಡಿದ. ಮುಖ ಬಿಳುಚಿಕೊಂಡಿತು.

"ಹೋಗಪ್ಪ, ಹಗ್ಗ ಕಟ್ಟು ಹೋಗು," ವಿಶಾಲು ಎಂದಳು, ಏನೂ ಆಗದವಳ ಹಾಗೆ.

ಅವನು ಹೋದ ಮೇಲೆ ನನ್ನ ಪಕ್ಕಕ್ಕೆ ಬಂದು ನಿಂತಳು. ಸೀಳು ಬಿಟ್ಟ ಬೆರಳುಗಳಿಂದ ನನ್ನ ಮುಂಗೈ ಹಿಡಿದಳು.

"ನಾಗು, ಆಫೀಸರ್ ಮುಂದೆ ಹಾಕಿದ್ದು ನಾನೇ ಅಂತ ಇರ್ಲಿ. ನಿನ್ನ ಬಣ್ಣಕ್ಕೆ ಇದೊಂದ್ಸಲ ಸುಮ್ನಿರಕ್ಕೆ ಹೇಳೇ."

ನಾನು ಫ್ಲಾಸ್ಕಿನ ಕಡೆ ನೋಡಿದೆ. ಗುಲಾಬಿ ಇನ್ನೂ ಹಾಗೇ ನಿಂತಿತ್ತು.